ಎರಡು ಹಾಸಿಗೆಯ ಟ್ರೇಲರ್

ಗಂಗಾಧರಯ್ಯ ನಿವೃತ್ತನಾಗಿ ಮನೆಗೆ ಬಂದ ಮೂರನೆಯ ದಿನವೇ ಅಡಿಗೆಮನೆಯ ಡಬ್ಬಗಳನ್ನೆಲ್ಲ ಕೆಳಗಿಳಿಸಿ, ಎತ್ತರದ ಪ್ರಕಾರ ಮತ್ತೆ ಜೋಡಿಸಿಟ್ಟ. ಕಮಲಾಕ್ಷಮ್ಮ ಪೂಜೆ ಮುಗಿಸಿ ಬಂದು ಒಗ್ಗರಣೆಗೆ ಎಣ್ಣೆ ಇಟ್ಟರೆ ಸಾಸಿವೆ ಸಿಗಲಿಲ್ಲ. ಹುಡುಕುವಷ್ಟರಲ್ಲಿ ಎಣ್ಣೆ ಸೀದು ಮನೆಯೆಲ್ಲ ಹೊಗೆಯಾಯಿತು.

"ಯಾರ್ರೀ ಇದನ್ನ ಮುಟ್ಟಿದ್ದು?" ಎಂದು ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಕ್ಯಾಂಪ್‌ನಲ್ಲಿ ಸ್ಟೋರು ಹೀಗೇ ಇಡೋದು. ಕಣ್ಣು ಮುಚ್ಕೊಂಡು ಕೈ ಹಾಕಿದ್ರೂ ಸಾಮಾನು ಸಿಗ್ಬೇಕು."

"ಇಷ್ಟು ವರ್ಷ ಹಾಗೇ ಸಿಗ್ತಿತ್ತು. ಇವತ್ತೇ ಸಿಗದೆ ಹೋಗಿದ್ದು."

ಅವನು ನೀರಾವರಿ ಇಲಾಖೆಯ ಸರ್ವೆ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದವನು. ಅಣೆಕಟ್ಟು ಕಟ್ಟುವ ಮೊದಲು ಹೋಗಿ ಹಳ್ಳ ದಿಣ್ಣೆ ಅಳೆಯುವ ಕೆಲಸ. ಈ ವರ್ಷ ಇಲ್ಲಿ ಡೇರೆಯಾದರೆ ಬರುವ ವರ್ಷ ಇನ್ನೆಲ್ಲೋ ಡೇರೆ. ತಿಂಗಳಿಗೆ ಮೂರು ದಿನ ಮನೆ ಕಂಡರೆ ಹೆಚ್ಚು. ರಾಜಾಜಿನಗರದ ಎರಡನೆಯ ಬ್ಲಾಕಿನ ಈ ಮನೆ ಕಟ್ಟುವಾಗಲೂ ನಕ್ಷೆ ಬರೆದುಕೊಟ್ಟು ಹೋದವನು ಗೃಹಪ್ರವೇಶದ ಹಿಂದಿನ ದಿನ ಬಂದಿದ್ದ. ಹಸಿ ಗೋಡೆಗೆ ಬಿಂದಿಗೆಯಲ್ಲಿ ನೀರು ಹಾಕಿದವಳು, ಗಾರೆಯವನ ಜೊತೆ ಜಗಳವಾಡಿದವಳು, ಮಗನಿಗೆ ಟೈಫಾಯ್ಡ್ ಬಂದಾಗ ಇಪ್ಪತ್ತೊಂದು ದಿನ ತಲೆದಿಂಬಿನ ಹತ್ತಿರ ಕೂತವಳು ಕಮಲಾಕ್ಷಮ್ಮ. ಈಗ ಮಗ ಶಿವಪ್ರಕಾಶ ಬ್ಯಾಂಕಿನಲ್ಲಿ ಗುಮಾಸ್ತ. ಸೊಸೆ ಜಗದಾಂಬಾ ಗಟ್ಟಿಗಿತ್ತಿ. ಎರಡು ಮೊಮ್ಮಕ್ಕಳು. ಬದುಕು ಒಂದು ಹದಕ್ಕೆ ಬಂದಿತ್ತು.

ಆ ಹದದೊಳಗೆ ಗಂಡನಿಗೆ ಜಾಗ ಮಾಡುವುದು ಅವಳಿಗೆ ತಿಳಿಯಲಿಲ್ಲ. ಅವನು ಬೆಳಿಗ್ಗೆ ಐದಕ್ಕೆ ಎದ್ದು ವರಾಂಡದಿಂದ ಹಿತ್ತಲಿಗೂ ಹಿತ್ತಲಿಂದ ವರಾಂಡಕ್ಕೂ ನಡೆಯುವನು. ಊಟಕ್ಕೆ ಕೂತರೆ ಏಳು ನಿಮಿಷದಲ್ಲಿ ಎದ್ದುಬಿಡುವನು. ಮಧ್ಯಾಹ್ನ ಅವಳೂ ಪಕ್ಕದ ಮನೆಯ ಯಶೋದಮ್ಮನೂ ಹಿತ್ತಲಲ್ಲಿ ಸಂಡಿಗೆ ಇಡುತ್ತ ಕೂತರೆ ಬಂದು ಬಾಗಿಲಲ್ಲಿ ನಿಲ್ಲುವನು. ಏನೂ ಮಾತಾಡುವವನಲ್ಲ, ಸುಮ್ಮನೆ ನಿಲ್ಲುವನು. ಯಶೋದಮ್ಮ ಸೆರಗು ಸರಿಮಾಡಿಕೊಂಡು, "ಒಲೆ ಮೇಲೆ ಹಾಲಿಟ್ಟಿದ್ದೆ ಕಣ್ರೀ" ಎಂದು ಎದ್ದು ಹೋಗುವಳು. ಎರಡು ತಿಂಗಳಾಗುವಷ್ಟರಲ್ಲಿ ಅವಳು ಬರುವುದೇ ನಿಂತುಹೋಯಿತು. ಗಂಡ ಬಂದ ಮೇಲೆ ಮನೆಯಲ್ಲಿ ಒಬ್ಬ ಮನುಷ್ಯ ಹೆಚ್ಚಾದ, ಮಾತಾಡುವವರು ಒಬ್ಬರು ಕಡಿಮೆಯಾದರು.

ಜೂನ್ ತಿಂಗಳ ಒಂದು ರಾತ್ರಿ ಊಟದ ಹೊತ್ತಿಗೆ ಅವನು ಹೇಳಿದ: "ಒಂದು ಟ್ರೇಲರ್ ತಗೋತೀನಿ."

"ಟ್ರೇಲರ್ರಾ? ಮರಳು ಹೊಡಿಯೋಕಾ ಅಪ್ಪಾ?" ಎಂದ ಶಿವಪ್ರಕಾಶ.

"ಮನುಷ್ಯರು ಮಲಗೋ ಅಂಥದ್ದು ಕಣೋ. ಒಳಗೆ ಹಾಸಿಗೆ, ಒಲೆ, ನೀರಿನ ಡ್ರಮ್ಮು ಎಲ್ಲಾ ಇರುತ್ತೆ. ಜೀಪಿನ ಹಿಂದೆ ಕಟ್ಕೊಂಡು ಹೊರಟ್ರೆ ಎಲ್ಲಿ ಬೇಕೋ ಅಲ್ಲಿ ನಿಲ್ಲಬಹುದು. ನಾನು ಅಳೆದ ಜಾಗ ಎಲ್ಲಾ ಇನ್ನೊಂದ್ಸಲ ನೋಡ್ಬೇಕು."

ಜೀಪು ಮನೆಯ ಪಕ್ಕದ ಶೆಡ್ಡಿನಲ್ಲೇ ಇತ್ತು. ಇಲಾಖೆಯವರು ಹರಾಜು ಹಾಕಿದಾಗ ಕೊಂಡಿದ್ದು.

"ಬಾತ್‌ರೂಮು ಇರುತ್ತಾ ಮಾವ?" ಎಂದು ಜಗದಾಂಬಾ ಕೇಳಿದಳು.

"ಬಯಲಿದೆಯಲ್ಲಮ್ಮಾ."

ಜಗದಾಂಬಾ ಅತ್ತೆಯ ಮುಖ ನೋಡಿ ತಲೆ ತಗ್ಗಿಸಿದಳು. ಕಮಲಾಕ್ಷಮ್ಮ ನಗಲಿಲ್ಲ. ಮೂರು ತಿಂಗಳಲ್ಲಿ ಗಂಡ ಊಟದ ಹೊತ್ತಿನಲ್ಲಿ ಇಷ್ಟು ಮಾತಾಡಿದ್ದು ಅದೇ ಮೊದಲು.

ಕೆಂಗೇರಿಯ ತೋಟವೊಂದರಲ್ಲಿ ಪರದೇಶದ ಇಂಜಿನಿಯರೊಬ್ಬ ಬಿಟ್ಟುಹೋದ ದೊಡ್ಡ ಟ್ರೇಲರ್ ಮಾರಾಟಕ್ಕಿದೆಯೆಂದು ತಿಳಿದು ಭಾನುವಾರ ಎಲ್ಲರೂ ಜೀಪಿನಲ್ಲಿ ಹೋದರು. ಜೊತೆಗೆ ಅಂಜಿನಯ್ಯ. ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ಲಾರಿಗೆ ಬಾಡಿ ಕಟ್ಟುವ ಶೆಡ್ಡು ಅವನದು. ಐವತ್ತು ದಾಟಿದ ಆಳು, ಕಿವಿಯ ಮೇಲೆ ಯಾವಾಗಲೂ ಪೆನ್ಸಿಲ್ಲು.

ಟ್ರೇಲರ್ ನೋಡಿ ಮಕ್ಕಳು ಕುಣಿದಾಡಿದವು. ನಾಲ್ಕು ಹಾಸಿಗೆ, ಗ್ಯಾಸಿನ ಒಲೆ, ಕಿಟಕಿಗೆ ಹೂವಿನ ಪರದೆ. ಗಂಗಾಧರಯ್ಯ ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ ನೋಡಿದ. ಅಂಜಿನಯ್ಯ ಮಾತ್ರ ಒಳಗೆ ಕಾಲಿಡಲಿಲ್ಲ. ಗಾಡಿಯ ಕೆಳಗೆ ನುಸುಳಿ ಅಚ್ಚು ನೋಡಿದ, ಗಾಡಿಯ ಮೂತಿಯನ್ನು ಎರಡು ಕೈಯಲ್ಲಿ ಎತ್ತಲು ನೋಡಿ ಸೋತ.

"ಒಂದೂಕಾಲು ಟನ್ ಐತೆ ಸಾರ್. ಒಲೆ, ನೀರು ಎಲ್ಲಾ ಮುಂದ್ಗಡೆ ಇಟ್ಬಿಟ್ಟವ್ರೆ. ನಿಮ್ ಜೀಪು ಎಳೀತದೆ, ಇಲ್ಲ ಅನ್ನಲ್ಲ. ಇಳಿಜಾರ್ನಲ್ಲಿ ಇದೇ ನಿಮ್ ಜೀಪನ್ನ ತಳ್ತದೆ."

ಗಂಗಾಧರಯ್ಯ ಕೇಳಲಿಲ್ಲ. ಜೀಪಿಗೆ ಕಟ್ಟಿಸಿ ಮೈಸೂರು ರಸ್ತೆಯಲ್ಲಿ ಎಳೆದೇಬಿಟ್ಟ. ಒಂದು ಏರು ಹತ್ತುವಷ್ಟರಲ್ಲಿ ರೇಡಿಯೇಟರಿನ ನೀರು ಕುದಿಯಿತು. ಇಳಿಯುವಾಗ ಟ್ರೇಲರ್ ಹಿಂದಿನಿಂದ ಬಾಲ ಬೀಸಿ, ಎದುರಿಗೆ ಬಂದ ಎತ್ತಿನಗಾಡಿಯವನು ಹಳ್ಳಕ್ಕಿಳಿದು ಬಯ್ದ.

ವಾಪಸು ಬರುವಾಗ ಅಂಜಿನಯ್ಯ ಹೇಳಿದ: "ಗಾಡಿ ಆಮೇಲೆ ಸಾರ್. ಎಷ್ಟು ಜನ ಹೋಗ್ತೀರಾ, ಎಂಥ ರೋಡಲ್ಲಿ ಹೋಗ್ತೀರಾ, ಒಂದ್ ಕಡೆ ಎಷ್ಟು ದಿವ್ಸ ಇರ್ತೀರಾ, ಇಷ್ಟು ಹೇಳಿ. ಗಾಡಿ ತಾನಾಗೇ ಗೊತ್ತಾಗ್ತದೆ. ನೀವು ಗಾಡಿ ನೋಡ್ಬಿಟ್ಟು ಆಮೇಲೆ ಜನ ಹುಡುಕ್ತಾ ಇದ್ದೀರಾ."

ಆ ರಾತ್ರಿ ಗಂಗಾಧರಯ್ಯ ಕಾಗದ ಪೆನ್ಸಿಲ್ಲು ಹಿಡಿದು ಊಟಕ್ಕೆ ಕೂತ.

"ಪ್ರಕಾಶ, ನೀನು?"

"ನನಗೆ ವರ್ಷಕ್ಕೆ ಎಷ್ಟು ರಜ ಅಂತ ನಿಮಗೆ ಗೊತ್ತಿಲ್ವಾ ಅಪ್ಪಾ? ಅದೂ ಇವಳ ತವರಿಗೇ ಸರಿಹೋಗುತ್ತೆ."

"ಜಗದಾಂಬಾ?"

"ಮಕ್ಕಳಿಗೆ ಸ್ಕೂಲಿದೆ ಮಾವ."

ಅವನು ಕಾಗದದ ಮೇಲೆ ಏನೋ ಹೊಡೆದುಹಾಕಿದ. "ಹಾಗಾದ್ರೆ ಎರಡು. ನಾನು, ಇವಳು."

ಕಮಲಾಕ್ಷಮ್ಮ ಸಾರು ಬಡಿಸುತ್ತಿದ್ದಳು. "ನನ್ನ ಯಾರು ಕೇಳಿದ್ರು?"

"ನಿನ್ನ ಕೇಳೋದೇನು?"

"ಅದೇ," ಎಂದು ಅವಳು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಅದು ಒಪ್ಪಿಗೆ ಎಂದುಕೊಂಡು ಅವನು ಎರಡರ ಸುತ್ತ ಸೊನ್ನೆ ಸುತ್ತಿದ.

ಅಂಜಿನಯ್ಯ ಕೆಲಸ ಶುರುಮಾಡಿದ. ಎರಡೇ ಚಕ್ರ, ಮಣ್ಣುರಸ್ತೆಗೆ ತಕ್ಕಂತೆ ನೆಲದಿಂದ ಎತ್ತರ. ಮೇಲೆ ಅಲ್ಯೂಮಿನಿಯಂ ತಗಡು, ಪಕ್ಕಕ್ಕೆ ಪ್ಲೈವುಡ್ಡು. ನೀರಿನ ಡ್ರಮ್ಮು ಅಚ್ಚಿನ ಮೇಲೆ ಸರಿಯಾಗಿ ಕೂರಬೇಕು, ಹಿಂದಕ್ಕೂ ಅಲ್ಲ ಮುಂದಕ್ಕೂ ಅಲ್ಲ. ಎರಡು ಪಕ್ಕಕ್ಕೆ ಎರಡು ಹಲಗೆ ಹಾಸಿಗೆ. ಒಂದು ದಿನ ಗಂಗಾಧರಯ್ಯ ಹೆಂಡತಿಯನ್ನೂ ಶೆಡ್ಡಿಗೆ ಕರೆದುಕೊಂಡು ಹೋದ.

"ಅಮ್ಮಾ, ಇಲ್ಲಿ ಒಸಿ ಕೂತ್ಕಳಿ," ಎಂದ ಅಂಜಿನಯ್ಯ. ಅವಳು ಹಲಗೆಯ ಮೇಲೆ ಕೂತಳು. "ಏಳಿ." ಏಳುವಾಗ ಮಂಡಿ ಹಿಡಿದು ಮುಖ ಕಿವುಚಿದಳು. "ಮೂರಿಂಚು ಎತ್ತರ ಮಾಡ್ಬೇಕು ಇದನ್ನ," ಎಂದು ಅವನು ಗುರುತು ಹಾಕಿದ. ಆಮೇಲೆ ಒಲೆಯ ಕಟ್ಟೆ. "ರೊಟ್ಟಿ ತಟ್ತೀರಲ್ಲ, ಹಂಗೆ ನಿಂತ್ಕಳಿ." ಅವಳು ಕೈ ಮುಂದೆ ಮಾಡಿ ನಿಂತಳು. ಅಂಜಿನಯ್ಯ ಮೊಣಕೈಗೆ ತಾಗದಂತೆ ಟೇಪು ಹಿಡಿದ.

ಅವಳ ಅಳತೆಯನ್ನು ಯಾರಾದರೂ ಕೇಳಿದ್ದು ಇದೇ ಮೊದಲು. ಮನೆ ಕಟ್ಟಿದಾಗಲೂ ಕಟ್ಟೆ ಗಾರೆಯವನಿಗೆ ತೋಚಿದ ಎತ್ತರಕ್ಕೆ ಆಗಿತ್ತು. ಅವಳಿಗೆ ಒಂದು ಗಳಿಗೆ ಸುಖವೆನಿಸಿತು. ಮರುಗಳಿಗೆ ಕೈ ಕೆಳಗಿಳಿಸಿದಳು.

"ಅಲ್ಲಿ ಹೋದ್ಮೇಲೂ ರೊಟ್ಟಿ ತಟ್ಟೋಳು ನಾನೇನಾ?"

"ಇನ್ಯಾರು ತಟ್ತಾರೆ?" ಎಂದ ಗಂಗಾಧರಯ್ಯ.

"ಅಂಜಿನಯ್ಯ, ಆ ಕಟ್ಟೆ ಯಜಮಾನರ ಎತ್ತರಕ್ಕೇ ಮಾಡಪ್ಪ."

ಅಂಜಿನಯ್ಯ ಪೆನ್ಸಿಲ್ಲು ಹಿಡಿದುಕೊಂಡು ಇಬ್ಬರ ಮುಖವನ್ನೂ ನೋಡಿದ. ಗಂಡಹೆಂಡಿರ ಮಧ್ಯೆ ಅಳತೆಗೋಲು ಇಡುವುದು ಕಷ್ಟ. ಅವನು, "ಚಾ ತರಿಸ್ತೀನಿ ಇರಿ ಸಾರ್," ಎಂದು ಹೊರಗೆ ಹೋದ.

ಮನೆಗೆ ನಡೆದು ಬರುವಾಗ ಗಂಗಾಧರಯ್ಯ ಸಿಡುಕಿದ. "ನಾಲ್ಕು ಜನರ ಮುಂದೆ ಹಾಗೆ ಮಾತಾಡೋದಾ? ನಿನಗೋಸ್ಕರ ಹಾಸಿಗೆ ಎತ್ತರ ಮಾಡಿಸ್ತಾ ಇದೀನಿ."

"ನಾನು ಒಂದ್ಸಲ ಬರ್ತೀನಿ ಅಂದಿದ್ದೆ. ಜ್ಞಾಪಕ ಇದೆಯಾ?"

"ಯಾವಾಗ?"

"ಮದುವೆ ಆದ ಎರಡನೇ ವರ್ಷ. ಟ್ರಂಕು ತುಂಬಿಟ್ಟಿದ್ದೆ. 'ಕ್ಯಾಂಪು ಹೆಂಗಸರು ಇರುವ ಜಾಗವಲ್ಲ' ಅಂತ ಕಾಗದ ಬರೆದ್ರಿ. ಸೀರೆ ಎಲ್ಲಾ ಮತ್ತೆ ತೆಗೆದಿಟ್ಟೆ. ನಿಮ್ಮಮ್ಮ ನಕ್ಕರು."

"ಆವಾಗ ಡೇರೆ ಕಣೇ. ಚಿರತೆ ಬರ್ತಿತ್ತು."

"ಬಂದಿದ್ರೆ ಇಬ್ರನ್ನೂ ತಿಂತಿತ್ತು," ಎಂದು ಅವಳು ಮುಂದೆ ನಡೆದಳು.

ಆಗಸ್ಟಿನಲ್ಲಿ ಟ್ರೇಲರ್ ಮುಗಿಯಿತು. ಹಸಿರು ಬಣ್ಣ, ಬಾಗಿಲು ಎಡಕ್ಕೆ. ಕಟ್ಟೆ ಕೊನೆಗೂ ಗಂಗಾಧರಯ್ಯನ ಎತ್ತರಕ್ಕೇ ಆಗಿತ್ತು. ಅಂಜಿನಯ್ಯ ಯಾರನ್ನೂ ಮತ್ತೆ ಕೇಳಿರಲಿಲ್ಲ. ಪರೀಕ್ಷೆಗೆಂದು ಒಂದು ಶನಿವಾರ ಗಂಡ ಹೆಂಡತಿ ಇಬ್ಬರೇ ಮಾಗಡಿ ರಸ್ತೆ ಹಿಡಿದು ಶ್ರೀಗಂಧದ ಕಾವಲಿನ ಬಯಲಿಗೆ ಹೋದರು. ನೀಲಗಿರಿ ಮರದ ಸಾಲು, ಕುರಿ ಮೇಯಿಸುವವರು ಇಬ್ಬರು, ಬಿಟ್ಟರೆ ಹುಲ್ಲು.

ಜೀಪಿಂದ ಇಳಿದ ಗಳಿಗೆಯಿಂದ ಗಂಗಾಧರಯ್ಯ ಬೇರೆ ಮನುಷ್ಯನಾದ. ಗಾಳಿಯ ದಿಕ್ಕು ನೋಡಿ ಟ್ರೇಲರ್ ತಿರುಗಿಸಿದ. ಚಕ್ರಕ್ಕೆ ಕಲ್ಲು ಕೊಟ್ಟ. ನೀರು ಹರಿದುಹೋಗಲು ಸುತ್ತ ಕಾಲುವೆ ತೋಡಿದ. ಪಂಪು ಸ್ಟೌವು ಹಚ್ಚಿ ತಾನೇ ಉಪ್ಪಿಟ್ಟು ಕೆದಕಿದ, ಸಿಳ್ಳೆ ಹಾಕಿದ. ಕುರಿಯವರನ್ನು ಕರೆದು ಬೀಡಿ ಕೊಟ್ಟು ಯಾವ ಕೆರೆ ತುಂಬಿತು, ಯಾವ ಕೋಡಿ ಒಡೆಯಿತು ಎಂದು ಗಂಟೆಗಟ್ಟಲೆ ಮಾತಾಡಿದ. ಕಮಲಾಕ್ಷಮ್ಮ ಮಡಚುವ ಕುರ್ಚಿಯಲ್ಲಿ ಕೂತು ನೋಡಿದಳು. ಇಷ್ಟು ಚುರುಕಾದ, ನಗುವ ಈ ಮನುಷ್ಯನನ್ನು ಅವಳು ನೋಡೇ ಇರಲಿಲ್ಲ. ಮೂವತ್ತೊಂದು ವರ್ಷ ಮನೆಗೆ ಬಂದು ಹೋಗುತ್ತಿದ್ದವನು ಇವನ ದೂರದ ನಂಟನೇನೋ.

"ಮುನಿಯಪ್ಪ ಉಪ್ಪಿಟ್ಟಿಗೆ ಹಸಿಶುಂಠಿ ಹಾಕ್ತಿದ್ದ," ಎಂದ ಅವನು ತಟ್ಟೆ ಕೊಡುತ್ತ. "ಕ್ಯಾಂಪಿನ ಅಡಿಗೆಯವನು. ಹತ್ತೊಂಬತ್ತು ವರ್ಷ ಜೊತೆಗಿದ್ದ. ಒಂದ್ಸಲ ಹೊಳೆ ಬಂದು ಡೇರೆ ಎಲ್ಲಾ ಕೊಚ್ಕೊಂಡು ಹೋಯ್ತು. ಇವನು ಅಕ್ಕಿ ಮೂಟೆ ತಲೆ ಮೇಲಿಟ್ಕೊಂಡು ಮರ ಹತ್ತಿ ಕೂತಿದ್ದ, ಇಡೀ ದಿವಸ!" ಅವನು ನಕ್ಕು ನಕ್ಕು ಕಣ್ಣೊರೆಸಿಕೊಂಡ.

"ನೀವು ಎಲ್ಲಿದ್ರಿ?"

"ನಾನು ಅದರ ಮೇಲಿನ ಕೊಂಬೆ ಮೇಲೆ."

"ನನಗೆ ಬರೀಲೇ ಇಲ್ಲ."

"ನೀನು ಹೆದರ್ತೀಯ ಅಂತ."

ಉಪ್ಪಿಟ್ಟು ಚೆನ್ನಾಗಿತ್ತು. ಅವನು ತನ್ನ ತಟ್ಟೆ ತೆಗೆದುಕೊಂಡು ಕುರಿಯವರ ಹತ್ತಿರ ಹೋಗಿ ಕೂತ. ಮನೆಯಲ್ಲಿ ಒಬ್ಬಳೇ ಉಣ್ಣುವುದು ಅವಳಿಗೆ ರೂಢಿಯಿತ್ತು. ಇಷ್ಟು ದೊಡ್ಡ ಬಯಲಿನಲ್ಲಿ ಒಬ್ಬಳೇ ತಟ್ಟೆ ಹಿಡಿದು ಕೂತಾಗ ಅರ್ಧ ಉಪ್ಪಿಟ್ಟು ಹಾಗೇ ಬಿಟ್ಟಳು.

ಬೆಳಿಗ್ಗೆ ಸಾಮಾನು ಕಟ್ಟುವಾಗ ಅವಳೇ ಹೇಳಿದಳು: "ಮುನಿಯಪ್ಪ ಈಗೆಲ್ಲಿದ್ದಾನೆ?"

"ನೆಲಮಂಗಲದ ಕಡೆ, ಮಗನ ಮನೆಯಲ್ಲಿ."

"ಅವನ್ನ ಕರ್ಕೊಂಡು ಹೋಗಿ. ನನಗೆ ಇದೆಲ್ಲ ಆಗಲ್ಲ."

ಒಂದು ಸಲವಾದರೂ "ಇಲ್ಲ, ನೀನೇ ಬಾ" ಎನ್ನಬಹುದೆಂದು ಅವಳು ಹಾಸಿಗೆ ಸುತ್ತುವುದನ್ನು ನಿಲ್ಲಿಸಿ ಕಾದಳು. ಗಂಗಾಧರಯ್ಯನ ಮುಖ ಅರಳಿತು.

"ಹೌದಲ್ವೇನೇ! ಅವನು ಬಂದ್ರೆ ಯೋಚನೆಯೇ ಇಲ್ಲ."

ಅವಳು ಹಾಸಿಗೆ ಸುತ್ತಿ ಹುರಿ ಬಿಗಿದಳು.

ದಸರೆ ಕಳೆದ ಮೇಲೆ ಮುನಿಯಪ್ಪ ಬಂದ. ಕುಳ್ಳ, ನರೆತ ತಲೆ. ವರಾಂಡದಲ್ಲೇ ನಿಂತ, ಒಳಗೆ ಬರಲಿಲ್ಲ. ಅತ್ತೆ ಬದುಕಿದ್ದಾಗ ಬೇರೆ ಜಾತಿಯವರಿಗೆ ತಟ್ಟೆ ಹಿತ್ತಲಲ್ಲಿ. ತನ್ನ ಮಗ ಇವನ ಕೈಯಡಿಗೆ ಹತ್ತೊಂಬತ್ತು ವರ್ಷ ಉಂಡಿದ್ದನೆಂಬುದು ಆಕೆಗೆ ಗೊತ್ತಿರಲಿಲ್ಲ. ಕಮಲಾಕ್ಷಮ್ಮ, "ಒಳಗೆ ಬಾಪ್ಪ," ಎಂದು ಊಟದ ಮನೆಯಲ್ಲೇ ಮಣೆ ಹಾಕಿದಳು. ಗಂಡ ಹೊರಡುವ ಮುಂಚೆ ಯಾವಾಗಲೂ ಮಾಡುವಂತೆ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು.

"ಸಾಹೇಬ್ರು ಈಗ ಬದ್ನೆಕಾಯಿ ತಿಂತಾರಾ ಅಮ್ಮಾವ್ರೇ?" ಎಂದ ಮುನಿಯಪ್ಪ. "ಕ್ಯಾಂಪಲ್ಲಿ ಮುಟ್ತಾನೇ ಇರ್ಲಿಲ್ಲ. ನಾಲ್ಗೆ ಕಡೀತದೆ ಅನ್ನೋರು."

ಕಮಲಾಕ್ಷಮ್ಮನ ಕೈಯಲ್ಲಿ ಸೌಟು ನಿಂತಿತು. ತನ್ನ ಮಗನಿಗೆ ಎಣ್ಣೆಗಾಯಿ ಪ್ರಾಣ ಎಂದು ಅತ್ತೆ ಹೇಳಿಕೊಟ್ಟ ದಿನದಿಂದ ಅವನು ಬಂದಾಗಲೆಲ್ಲ ಮಾಡಿದ್ದಳು.

ಮುನಿಯಪ್ಪ ಕೈತೊಳೆಯಲು ಎದ್ದಮೇಲೆ ಗಂಡನನ್ನು ಕೇಳಿದಳು. "ಯಾಕ್ರೀ ಹೇಳ್ಲಿಲ್ಲ?"

ಗಂಗಾಧರಯ್ಯ ತಟ್ಟೆಯನ್ನೇ ನೋಡಿದ. "ತಿಂಗಳಿಗೊಂದ್ಸಲ ಬರೋನು. ಬಂದಾಗೆಲ್ಲ ನೀನು ಆಸೆಯಿಂದ ಮಾಡಿರ್ತಿದ್ದೆ. ಏನಂತ ಹೇಳ್ಲಿ?"

ಅವಳು ಅವನ ತಟ್ಟೆಯಿಂದ ಬದನೆಕಾಯಿ ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡಳು.

ಮಾರನೆಯ ಬೆಳಿಗ್ಗೆ ಟ್ರೇಲರ್ ಹೊರಟಿತು. ಬೀದಿಯ ಮಕ್ಕಳೆಲ್ಲ ಹಿಂದೆ ಓಡಿದವು. ಕಟ್ಟೆ ಮುನಿಯಪ್ಪನಿಗೆ ಎದೆಯವರೆಗೆ ಬರುತ್ತಿದ್ದುದರಿಂದ ಅವನು ನಿಂತುಕೊಳ್ಳಲು ಒಂದು ಹಳೆಯ ಮಣೆ ಕೇಳಿ ಇಸಿದುಕೊಂಡು ಹೋದ.

ಮನೆ ಮೊದಲಿನಂತಾಯಿತು. ಡಬ್ಬಗಳು ತಮ್ಮ ಹಳೆಯ ಜಾಗಕ್ಕೆ ಹೋದವು. ಮಧ್ಯಾಹ್ನ ಅವಳು ಯಶೋದಮ್ಮನನ್ನು ತಾನೇ ಹೋಗಿ ಕರೆದಳು. ಯಶೋದಮ್ಮ ಬೇರೆ ಬೀದಿಯ ಭಜನೆ ಸಂಘಕ್ಕೆ ಸೇರಿಕೊಂಡಿದ್ದಳು. "ನಾಳೆ ಬರ್ತೀನಿ ಕಣ್ರೀ," ಎಂದಳು, ಬರಲಿಲ್ಲ. ಮೊದಲೆಲ್ಲ ಗಂಡ ಇಲ್ಲದ್ದು ಕೆಲಸಕ್ಕಾಗಿ. ಈಗ ಯಾರಾದರೂ, "ಎಲ್ಲಿಗೆ ಹೋಗಿದ್ದಾರೆ?" ಎಂದರೆ ಅವಳು ಒಲೆಯ ನೆಪ ಹೇಳಿ ಒಳಗೆ ಎದ್ದುಹೋಗುವಳು.

ಮೂರು ವಾರಕ್ಕೆ ಹೊಸದುರ್ಗದಿಂದ ಕಾರ್ಡು ಬಂತು. ಶಿವಪ್ರಕಾಶ ಓದಿದ: "ಕ್ಷೇಮ. ಗಾಡಿ ಚೆನ್ನಾಗಿ ಓಡುತ್ತಿದೆ. ವೇದಾವತಿ ದಂಡೆಯಲ್ಲಿ ಒಂದು ತಿಂಗಳು ನಿಲ್ಲುತ್ತೇನೆ. ಮುನಿಯಪ್ಪ ಸೊಸೆಯ ಬಾಣಂತನವೆಂದು ಒಂದು ವಾರ ಊರಿಗೆ ಹೋಗಿದ್ದಾನೆ. ಬರಬೇಕೆನಿಸಿದರೆ ಬಾ."

"ಹೋಗಮ್ಮ," ಎಂದ ಶಿವಪ್ರಕಾಶ. "ನಾನು ಬಸ್ ಹತ್ತಿಸ್ತೀನಿ."

"ಅಡಿಗೆಯವನು ಇಲ್ದಾಗ ಜ್ಞಾಪಕ ಬಂತು."

"ಅತ್ತೆ, ಬಾ ಅಂತಾನೂ ಬರೆದಿದ್ದಾರಲ್ಲ," ಎಂದಳು ಜಗದಾಂಬಾ.

ಕಮಲಾಕ್ಷಮ್ಮ ಮೊಮ್ಮಗಳ ಪೆನ್ನು ತೆಗೆದುಕೊಂಡು ತಾನೇ ಕಾರ್ಡು ಬರೆದಳು. "ಮುನಿಯಪ್ಪ ವಾಪಸು ಬಂದ ಮೇಲೆ ಬರುತ್ತೇನೆ. ನಾನು ಎಲ್ಲಿ ಮಲಗಬೇಕೆಂದು ನೀವೇ ಯೋಚಿಸಿ." ಮನಸ್ಸು ಬದಲಾಗುವ ಮುಂಚೆ ಮೂಲೆಯ ಅಂಚೆಪೆಟ್ಟಿಗೆಗೆ ಹಾಕಿಬಂದಳು.

ಒಂದು ವಾರ ಉತ್ತರವಿಲ್ಲ. ಹತ್ತು ದಿನವಾಯಿತು. ಅಂಚೆಯವನು ಬರುವ ಹೊತ್ತಿಗೆ ಅವಳು ವರಾಂಡದಲ್ಲಿ ಅಕ್ಕಿ ಆರಿಸುತ್ತ ಕೂರುವಳು. ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುವಳು. ಜಗದಾಂಬಾ ನೋಡಿಯೂ ನೋಡದಂತೆ ಒಳಗೆ ಹೋಗುವಳು.

ಹನ್ನೆರಡನೆಯ ದಿನ ಅಂಜಿನಯ್ಯ ಬಂದ. ಹೆಗಲ ಮೇಲೆ ಕಬ್ಬಿಣದ ಪೈಪು, ಕ್ಯಾನ್ವಾಸು ಸುತ್ತಿದ ಉದ್ದನೆಯ ಕಟ್ಟು.

"ಸಾಹೇಬ್ರು ಬರೆದಿದ್ರು ಅಮ್ಮಾ." ಜೇಬಿನಿಂದ ಇನ್‌ಲ್ಯಾಂಡ್ ಲೆಟರ್ ತೆಗೆದು ಕೊಟ್ಟ. ಗಂಡನ ದುಂಡು ಅಕ್ಷರ. "ಮಡಚುವ ಮಂಚ ಒಂದು ಬೇಕು. ಬಸ್ಸಿನ ಮೇಲೆ ಹಾಕುವಂತಿರಲಿ. ಎತ್ತರ ಒಂದೂವರೆ ಅಡಿಗೆ ಕಡಿಮೆ ಬೇಡ, ನಮ್ಮ ಮನೆಯವರಿಗೆ ಮಂಡಿನೋವು. ಒಳಗಿನ ಹಾಸಿಗೆ ಅವರಿಗೆ, ಹೊರಗೆ ಈ ಮಂಚ ನನಗೆ, ಮುನಿಯಪ್ಪನಿಗೆ ಜೀಪು ಎಂದೂ ಯೋಚಿಸಿದೆ. ಆದರೆ ಅದು ಅವರು ಹೇಳಬೇಕಾದ ಮಾತು. ಮಾಡಿ ಮನೆಗೆ ಕೊಡುವುದು. ತರುವುದೂ ಬಿಡುವುದೂ ಅವರ ಇಷ್ಟ."

ಅವಳು ಎರಡು ಸಲ ಓದಿದಳು. "ಇದನ್ನ ನನಗೆ ಬರೆಯೋಕೇನಾಗಿತ್ತು?"

"ಗಂಡಸ್ರು ಅಮ್ಮಾ. ಕಬ್ಬಿಣದ ವಿಷ್ಯ ಅಂದ್ರೆ ಎರಡು ಪುಟ ಬರೀತಾರೆ."

ಮಂಚ ನಾಲ್ಕು ದಿನ ನಡುಮನೆಯ ಗೋಡೆಗೆ ಒರಗಿ ನಿಂತಿತ್ತು. ಐದನೆಯ ದಿನ ಅವಳು ಚಟ್ನಿಪುಡಿ ಕುಟ್ಟಿದಳು, ಎರಡು ಸೀರೆ ಚೀಲಕ್ಕೆ ಹಾಕಿದಳು. ಶಿವಪ್ರಕಾಶ ಹೊಸದುರ್ಗದವರೆಗೆ ಬಿಟ್ಟುಬರುತ್ತೇನೆಂದ. "ಮೆಜೆಸ್ಟಿಕ್ ತನಕ ಸಾಕು. ನಿನಗೆ ರಜ ಎಲ್ಲಿದೆ," ಎಂದಳು.

ಐವತ್ತು ದಾಟಿದವಳು ಒಬ್ಬಳೇ ದೂರದ ಬಸ್ಸು ಹತ್ತಿದ್ದು ಅದೇ ಮೊದಲು. ಕಿಟಕಿಯಲ್ಲಿ ಮಗನ ಮುಖ ಹಿಂದಾಗುವವರೆಗೆ ಧೈರ್ಯವಾಗಿದ್ದಳು. ಆಮೇಲೆ ಚೀಲವನ್ನು ಎದೆಗೊತ್ತಿ ಹಿಡಿದುಕೊಂಡಳು. ಅಲ್ಲಿ ಹೋಗಿ ಏನು ಮಾತಾಡಬೇಕೋ ಗೊತ್ತಿರಲಿಲ್ಲ.

ತುಮಕೂರು ಬಿಟ್ಟ ಮೇಲೆ ಕಂಡಕ್ಟರು ಟಿಕೆಟ್ಟಿನ ಕಟ್ಟು ಹಿಡಿದು ಹತ್ತಿರ ಬಂದ.

"ಮೇಲೆ ಹಾಕಿರೋ ಕಬ್ಬಿಣದ ಸಾಮಾನು ಯಾರದ್ದು?"

"ನನ್ನದೇ."

"ಏನಮ್ಮಾ ಅದು? ಅಂಗಡಿ ಮಾಲಾ?"

"ಮಂಚ ಕಣಪ್ಪ."

ಮುಂದಿನ ಸೀಟಿನವರು ತಿರುಗಿ ನೋಡಿದರು. ಕಂಡಕ್ಟರನಿಗೂ ನಗು ಬಂತು. "ಹೋಗೋ ಕಡೆ ಮಂಚ ಇರಲ್ವಾ ಅಮ್ಮಾ? ಲಗೇಜ್ ಟಿಕೆಟ್ ಆಗುತ್ತೆ, ನೋಡಿ."

"ಆಗ್ಲಿ," ಎಂದು ಕಮಲಾಕ್ಷಮ್ಮ ಸೆರಗಿನ ಗಂಟು ಬಿಚ್ಚಿದಳು. "ಟಿಕೆಟ್ಟು ಹರಿಯಪ್ಪ."